ಅಂಚು ನಿಮ್ಮದು, ನಡುವಿನದು ಕೆರೆಯದು

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೋಗಿ, ಇಲ್ಲವೇ ಜಮಖಂಡಿ ರಸ್ತೆ ಹಿಡಿದು ಬಬಲೇಶ್ವರಕ್ಕೆ ಹೋಗಿ. ಎರಡೂ ಕಡೆ ಕಣ್ಣಿಗೆ ಸಿಗುವುದು ಒಂದೇ. ಮೇಲೆ ಆಕಾಶ, ಕೆಳಗೆ ಎರಿ ಭೂಮಿ, ನಡುವೆ ಒಂದು ಗೆರೆ. ಮುಗಿಲು ಮುಟ್ಟುವ ಬೆಟ್ಟವಿಲ್ಲ, ದಟ್ಟ ಕಾಡಿಲ್ಲ, ಜಲಪಾತವಂತೂ ಇಲ್ಲವೇ ಇಲ್ಲ. ಮಲೆನಾಡಿನ ರೀಲ್ಸ್ ನೋಡಿದ ಮೇಲೆ ‘ನಮ್ಮ ಕಡೆ ಫೋಟೊ ತಗೀಲಿಕ್ಕೆ ಏನದ?’ ಎಂದು ಕಾಲೇಜಿನ ಕಟ್ಟೆಯ ಮೇಲೆ ನಿಟ್ಟುಸಿರು ಬಿಡುವವರು ಬಹಳ ಮಂದಿ.

ನನಗೆ ಮಾತ್ರ ಫೋಟೊದ ಕಂಪೋಸಿಷನ್ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ ಅನಿಸುತ್ತದೆ. ಮಲೆನಾಡಿನಲ್ಲಿ ಕ್ಯಾಮೆರಾ ಎತ್ತ ಹಿಡಿದರೂ ಹಸಿರು ಬಂದು ಫ್ರೇಮ್ ತುಂಬಿಕೊಳ್ಳುತ್ತದೆ. ನಮ್ಮಲ್ಲಿ ಹಾಗಲ್ಲ. ಒಂದು ಜಾಲಿ ಗಿಡ, ಒಂದು ಹಕ್ಕಿ, ಒಂದು ಕಂಬ, ಇಷ್ಟರಲ್ಲೇ ಚಿತ್ರ ಕಟ್ಟಬೇಕು. ಯಾವುದು ಎಲ್ಲಿರಬೇಕು ಎಂಬುದು ಸ್ವಲ್ಪ ಹೆಚ್ಚುಕಡಿಮೆಯಾದರೂ ಬಯಲಿನಲ್ಲಿ ಅದು ಬಟಾಬಯಲು.

‘ಕಣ್ಣಿಗೆ ಎಷ್ಟು ಚೆಂದ ಕಂಡಿತ್ತು, ಫೋಟೊದಾಗ ಏನೂ ಇಲ್ಲ’ ಎಂಬ ದೂರು ಎಲ್ಲರದೂ ಇದೆ. ಕಾರಣ ಸರಳ. ಕಣ್ಣು ಆರಿಸಿಕೊಂಡು ನೋಡುತ್ತದೆ. ಕೆರೆಯಲ್ಲಿ ಬೆಳ್ಳಕ್ಕಿ ನಿಂತಿದ್ದರೆ ನಮಗೆ ಬೆಳ್ಳಕ್ಕಿಯೇ ಕಾಣುತ್ತದೆ, ದಂಡೆಯ ಮೇಲಿನ ಹರಿದ ಚೀಲ ಕಾಣುವುದಿಲ್ಲ. ಕ್ಯಾಮೆರಾಕ್ಕೆ ಬೆಳ್ಳಕ್ಕಿಯೂ ಅಷ್ಟೇ, ಚೀಲವೂ ಅಷ್ಟೇ. ಎಡಿಟಿಂಗ್ ಎಂದರೆ, ಕಣ್ಣು ಆಗ ಮಾಡಿದ್ದ ಆಯ್ಕೆಯನ್ನು ಮನೆಗೆ ಬಂದು ಕೈಯಿಂದ ಇನ್ನೊಮ್ಮೆ ಮಾಡುವುದು. ಬಣ್ಣ ಮೆತ್ತುವುದು, ಫಿಲ್ಟರ್ ಹಾಕುವುದು ಆಮೇಲಿನ ಮಾತು.

ಇದು ಮೊಬೈಲ್ ಕಾಲದ ಚಾಳಿ ಎಂದುಕೊಳ್ಳುವವರಿದ್ದಾರೆ. ಅಲ್ಲ. ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಒಳ್ಳೆಯ ವನ್ಯಜೀವಿ ಛಾಯಾಗ್ರಾಹಕರೂ ಹೌದು. ಅವರ ಕಪ್ಪು-ಬಿಳುಪು ಚಿತ್ರಗಳ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕ 1983ರಲ್ಲಿ ಬಂತು. ಅವರ ಮತ್ತು ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರಿಗೆ ಕತ್ತಲೆ ಕೋಣೆಯೇ ಎಡಿಟಿಂಗ್ ಆ್ಯಪ್. ಎನ್‌ಲಾರ್ಜರ್ ಕೆಳಗೆ ಕಾಗದ ಹಿಡಿಯುವ ಚೌಕಟ್ಟಿಗೆ ಸರಿಸುವ ಪಟ್ಟಿಗಳಿರುತ್ತಿದ್ದವು. ಪಟ್ಟಿ ಒಳಗೆ ಸರಿಸಿದರೆ ಅದೇ ಕ್ರಾಪ್. ಬೆಳಕಿಗೆ ಅಡ್ಡ ಅಂಗೈ ಹಿಡಿದರೆ ಚಿತ್ರದ ಆ ಭಾಗ ತಿಳಿಯಾಗುತ್ತಿತ್ತು, ಹೆಚ್ಚು ಹೊತ್ತು ಬೆಳಕು ಬಿಟ್ಟ ಭಾಗ ಕಪ್ಪಾಗುತ್ತಿತ್ತು. ಇವತ್ತು ಆ್ಯಪ್‌ಗಳಲ್ಲಿರುವ ಡಾಡ್ಜ್, ಬರ್ನ್ ಎಂಬ ಹೆಸರುಗಳು ಆ ಅಂಗೈಯಿಂದ ಬಂದವು.

ಫ್ರಾನ್ಸಿನ ಹೆನ್ರಿ ಕಾರ್ಟಿಯೆ-ಬ್ರೆಸೋಂ ಕ್ರಾಪ್ ಮಾಡುವುದಕ್ಕೆ ಕಡು ವಿರೋಧಿ. ಕ್ಯಾಮೆರಾದಲ್ಲಿ ಕಂಡದ್ದೇ ಕೊನೆ ಎನ್ನುವ ಪೈಕಿ. ಆದರೆ 1932ರಲ್ಲಿ ಪ್ಯಾರಿಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ಅವರು ತೆಗೆದ, ನೀರಿನ ಹೊಂಡದ ಮೇಲೆ ಹಾರುತ್ತಿರುವ ಮನುಷ್ಯನ ಜಗತ್ಪ್ರಸಿದ್ಧ ಚಿತ್ರ ಕ್ರಾಪ್ ಆದದ್ದೇ. ಬೇಲಿಯ ಹಲಗೆಗಳ ಸಂದಿನಿಂದ ತೆಗೆದದ್ದರಿಂದ ಒಂದು ಬದಿಗೆ ಹಲಗೆ ಅಡ್ಡ ಬಂದಿತ್ತು. ಕತ್ತರಿಸಿದರು. ಗುರುವೇ ಕತ್ತರಿಸಿದ ಮೇಲೆ ನಮ್ಮದೇನು.

ಇನ್ನು ಕೆಲಸಕ್ಕೆ ಬರೋಣ. ನನ್ನ ಸಹಪಾಠಿಯೊಬ್ಬ ಕಳೆದ ಚಳಿಗಾಲದಲ್ಲಿ ಬಬಲೇಶ್ವರ ತಾಲ್ಲೂಕಿನ ಮಮದಾಪುರ ಕೆರೆಯ ಒಡ್ಡಿನ ಮೇಲೆ ನಿಂತು ತೆಗೆದ ಫೋಟೊ ಒಂದಿದೆ. ಆದಿಲ್‌ಶಾಹಿ ಕಾಲದ ದೊಡ್ಡ ಕೆರೆ ಅದು. ಚಿತ್ರದ ನಟ್ಟನಡುವೆ ಒಂದು ಬೆಳ್ಳಕ್ಕಿ ಎಡಕ್ಕೆ ಮುಖ ಮಾಡಿ ನಿಂತಿದೆ. ಕೆಳಗೆ ಅದರ ಪ್ರತಿಬಿಂಬ. ಬಲ ಮೂಲೆಯಿಂದ ಬಳ್ಳಾರಿ ಜಾಲಿಯ ಒಂದು ಟೊಂಗೆ ಇಣುಕಿದೆ. ಎಡಗಡೆ ಕೆಳಮೂಲೆಯಲ್ಲಿ ತೇಲುವ ಪ್ಲಾಸ್ಟಿಕ್ ಬಾಟಲಿ. ಹಿಂದೆ ಆಚೆ ದಂಡೆಯ ಮೇಲೆ ಒಂದು ವಿದ್ಯುತ್ ಕಂಬ, ಅದೂ ಸರಿಯಾಗಿ ಹಕ್ಕಿಯ ಬೆನ್ನಿನಿಂದಲೇ ಎದ್ದಂತೆ. ಜೊತೆಗೆ ಇಡೀ ಕೆರೆ ಬಲಕ್ಕೆ ಎರಡು ಡಿಗ್ರಿ ವಾಲಿದೆ.

ಮೊದಲು ವಾಲಿದ್ದನ್ನು ಸರಿಪಡಿಸಬೇಕು. ಬೆಟ್ಟದ ಚಿತ್ರ ಎರಡು ಡಿಗ್ರಿ ವಾಲಿದರೆ ಯಾರ ಗಮನಕ್ಕೂ ಬಾರದು. ನೀರು ವಾಲಿದರೆ ಮಕ್ಕಳೂ ಹೇಳುತ್ತಾರೆ, ಕೆರೆ ಚೆಲ್ಲುತ್ತದೆ ಎಂದು. ಚಿತ್ರ ತಿರುಗಿಸಿದಾಗ ಮೂಲೆಗಳು ಹೋಗುತ್ತವೆ. 6000 × 4000 ಪಿಕ್ಸೆಲ್‌ಗಳ ಚಿತ್ರವನ್ನು ಎರಡು ಡಿಗ್ರಿ ತಿರುಗಿಸಿ ಅದೇ ಅಳತೆಯ ಅನುಪಾತದಲ್ಲಿ ಕತ್ತರಿಸಿದರೆ ಉಳಿಯುವುದು ಸುಮಾರು 5700 × 3800. ಎಂದರೆ ಹತ್ತರಲ್ಲಿ ಒಂದು ಭಾಗ ಆಗಲೇ ಖರ್ಚು. ಅದಕ್ಕೇ ಮೊದಲು ತಿರುಗಿಸಿ, ಆಮೇಲೆ ಕತ್ತರಿಸಬೇಕು. ಕ್ರಾಪ್ ಮಾಡಿ ಮುಗಿಸಿದ ಮೇಲೆ ತಿರುಗಿಸಲು ಹೋದರೆ ಹಕ್ಕಿಯ ಬಾಲಕ್ಕೆ ಕತ್ತರಿ ಬೀಳುತ್ತದೆ. ನಮ್ಮ ಫೋಟೊದಲ್ಲಿ ಜಾಲಿಯ ಟೊಂಗೆ ಅರ್ಧ ಇಲ್ಲೇ ಹೋಯಿತು.

ಮುಂದಿನದು ಹಕ್ಕಿಯ ಜಾಗ. ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಗೆರೆಗಳು ಕೂಡುವ ಕಡೆ ಮುಖ್ಯ ವಸ್ತು ಇಡಬೇಕು ಎಂಬ ನಿಯಮ ಎಲ್ಲರೂ ಕೇಳಿದ್ದೇ. ಮೊಬೈಲಿನ ಗ್ರಿಡ್ ಗೆರೆಗಳು ಇದಕ್ಕಾಗಿಯೇ ಇವೆ. ಈ ‘ಮೂರರ ನಿಯಮ’ ಕ್ಯಾಮೆರಾ ಹುಟ್ಟುವ ಮೊದಲಿನದು. ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಎಂಬ ಕಲಾವಿದ 1797ರಲ್ಲಿ ಹಳ್ಳಿಗಾಡಿನ ದೃಶ್ಯಗಳ ಕುರಿತು ಬರೆದ ಪುಸ್ತಕದಲ್ಲಿ ಇದಕ್ಕೆ ಈ ಹೆಸರು ಕೊಟ್ಟ. ಒಳ್ಳೆಯ ನಿಯಮವೇ. ಆದರೆ ನಮ್ಮ ಬಯಲಿಗೆ ಕಣ್ಣುಮುಚ್ಚಿ ಹಾಕುವಂಥದ್ದಲ್ಲ. ಮಾರ್ಚ್ ತಿಂಗಳ ಬಿಳಿಚಿದ ಆಕಾಶಕ್ಕೆ ಮೂರನೇ ಒಂದು ಪಾಲು ಕೊಡುವುದೂ ದಂಡ. ದಿಗಂತವನ್ನು ಮೇಲಂಚಿನ ಹತ್ತಿರಕ್ಕೆ ಒಯ್ದು ಉಳಿದದ್ದೆಲ್ಲ ಬಿರುಕು ಬಿಟ್ಟ ಎರಿ ಮಣ್ಣಿಗೆ ಬಿಡಿ. ಮುಂಗಾರಿನ ಮೋಡ ಕಟ್ಟಿದಾಗ ತಿರುವುಮುರುವು, ನೆಲಕ್ಕೆ ಒಂದು ಪಟ್ಟಿ ಸಾಕು.

ನಮ್ಮ ಬೆಳ್ಳಕ್ಕಿ ಎಡಕ್ಕೆ ನೋಡುತ್ತಿದೆ. ಹಕ್ಕಿ ಯಾವ ಕಡೆ ನೋಡುತ್ತದೋ ಆ ಕಡೆ ಜಾಗ ಬಿಡಬೇಕು. ಇಲ್ಲವಾದರೆ ಗೋಡೆಗೆ ಮುಖ ಮಾಡಿ ನಿಂತಂತೆ. ಆದ್ದರಿಂದ ಬಲಗಡೆಯಿಂದ ಧಾರಾಳವಾಗಿ ಕತ್ತರಿಸಿದೆವು. ಟೊಂಗೆಯ ಉಳಿದರ್ಧವೂ ಹೋಯಿತು, ಹಕ್ಕಿ ನಡುವಿನಿಂದ ಬಲಕ್ಕೆ ಸರಿಯಿತು. ಇಲ್ಲಿಯವರೆಗೆ ಎಲ್ಲ ಸಲೀಸು.

ತೊಡಕು ಇರುವುದು ಬಾಟಲಿಯಲ್ಲಿ. ಅದು ಎಡ ಕೆಳಮೂಲೆಯಲ್ಲಿದೆ. ಎಡಗಡೆಯಿಂದ ಕತ್ತರಿಸಿದರೆ ಹಕ್ಕಿ ನೋಡುವ ಜಾಗ ಹೋಗುತ್ತದೆ. ಕೆಳಗಿನಿಂದ ಕತ್ತರಿಸಿದರೆ ಪ್ರತಿಬಿಂಬದ ತಲೆ ಹೋಗುತ್ತದೆ. ಕಂಪೋಸಿಷನ್ ಎಂದರೆ ನಿಜಕ್ಕೂ ಇದೇ. ಎರಡೂ ಬೇಕು, ಒಂದೇ ಸಿಗುತ್ತದೆ. ನಾವು ಎರಡನ್ನೂ ಮಾಡಿ ನೋಡಿದೆವು. ಎಡಗಡೆ ಕತ್ತರಿಸಿದ ಚಿತ್ರ ಪಾಸ್‌ಪೋರ್ಟ್ ಫೋಟೊ ಥರ ಇತ್ತು. ಹಕ್ಕಿ ಇದೆ, ಕೆರೆ ಇಲ್ಲ. ಕೆಳಗಿನಿಂದ ಕತ್ತರಿಸಿ, ಆಕಾಶವನ್ನೂ ಮೇಲಿನಿಂದ ಇಳಿಸಿ, ಉದ್ದ ಎರಡು ಪಾಲು ಎತ್ತರ ಒಂದು ಪಾಲು ಮಾಡಿದಾಗ ಕೆರೆ ಒಮ್ಮೆಲೇ ಅಗಲವಾಯಿತು. ಪ್ರತಿಬಿಂಬದಲ್ಲಿ ಕಾಲು ಉಳಿಯಿತು, ತಲೆ ಹೋಯಿತು. ಅರ್ಧ ಪ್ರತಿಬಿಂಬ ಕೆಲವರಿಗೆ ಹಿಡಿಸದು. ಹಕ್ಕಿಯ ಒಂಟಿತನಕ್ಕೆ ಅಗಲವಾದ ನೀರೇ ಮುಖ್ಯ ಎಂದು ನನಗೆ ಅನಿಸಿತು, ಸಹಪಾಠಿಯೂ ಒಪ್ಪಿದ.

ಕೊನೆಗೆ ಉಳಿದದ್ದು ಸುಮಾರು 4200 × 2100, ಎಂದರೆ 88 ಲಕ್ಷ ಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 14 × 7 ಇಂಚಿನ ಒಳ್ಳೆಯ ಪ್ರಿಂಟ್ ಆಗುತ್ತದೆ. ಕ್ರಾಪ್ ಮಾಡುವ ಮುನ್ನ ಈ ಭಾಗಾಕಾರ ಮಾಡುವುದು ಲೇಸು. 4000 × 3000ರ ಮೊಬೈಲ್ ಚಿತ್ರದಲ್ಲಿ ಎರಡೂ ಬದಿ ಅರ್ಧಕ್ಕಿಳಿಸಿದರೆ ಉಳಿಯುವುದು ಕಾಲು ಭಾಗ, 30 ಲಕ್ಷ ಪಿಕ್ಸೆಲ್. 7 ಇಂಚಿನ ಪ್ರಿಂಟಿಗೂ ಅದು ಏದುಸಿರು ಬಿಡುತ್ತದೆ. ಮೊಬೈಲಿನಲ್ಲಿ ಎರಡು ಬೆರಳಿಂದ ಹಿಗ್ಗಿಸುವ ಡಿಜಿಟಲ್ ಝೂಮ್ ಕೂಡ ಮೊದಲೇ ಮಾಡಿದ ಕ್ರಾಪ್, ಬೇರೇನಲ್ಲ. ಝೂಮ್ ಮಾಡದೆ ತೆಗೆದು ಮನೆಯಲ್ಲಿ ಕತ್ತರಿಸಿದರೆ ಎಲ್ಲಿ ಕತ್ತರಿಸಬೇಕು ಎಂಬ ಆಯ್ಕೆಯಾದರೂ ನಿಮ್ಮ ಕೈಯಲ್ಲಿರುತ್ತದೆ. ಲೆನ್ಸೇ ಬೇರೆ ಇರುವ ಆಪ್ಟಿಕಲ್ ಝೂಮ್ ಮಾತು ಬೇರೆ.

ಬೆಳಕಿನ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮ ನೆಲದ ಸಮಸ್ಯೆ ನಮ್ಮದೇ. ಎರಿ ಹೊಲದಲ್ಲಿ ಬೆಳ್ಳಕ್ಕಿ ನಿಂತಾಗ ಕ್ಯಾಮೆರಾ ಕಪ್ಪು ಮಣ್ಣನ್ನು ನೋಡಿ ‘ಬಹಳ ಕತ್ತಲೆ ಇದೆ’ ಎಂದುಕೊಂಡು ಚಿತ್ರವನ್ನು ಬೆಳಗಿಸುತ್ತದೆ. ಮಣ್ಣು ಬೂದಿಯಾಗುತ್ತದೆ, ಹಕ್ಕಿ ಗರಿಯೇ ಇಲ್ಲದ ಬಿಳಿ ಚುಕ್ಕೆಯಾಗುತ್ತದೆ. ಹಾಗೆ ಸುಟ್ಟುಹೋದ ಬಿಳಿಯಲ್ಲಿ ಗರಿ ಹುಡುಕಿಕೊಡುವ ಶಕ್ತಿ ಯಾವ ಎಡಿಟಿಂಗಿಗೂ ಇಲ್ಲ. ಅಲ್ಲಿ ಮಾಹಿತಿಯೇ ದಾಖಲಾಗಿರುವುದಿಲ್ಲ. ತೆಗೆಯುವಾಗಲೇ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಕಪ್ಪಾದ ಭಾಗವನ್ನು ಆಮೇಲೆ ಎತ್ತಬಹುದು. ಜೆಪೆಗ್ ಫೈಲಿನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್‌ನ ರಾ ಫೈಲಿನಲ್ಲಿ 16,384. ಎತ್ತಲು, ಇಳಿಸಲು ರಾ ಫೈಲಿನಲ್ಲಿ ಜಾಗ ಹೆಚ್ಚು ಎಂಬುದು ಇದಕ್ಕೇ. ದುಡ್ಡು ಕೊಡಬೇಕಾಗಿಲ್ಲ. ಮೊಬೈಲಿಗೆ ಸ್ನ್ಯಾಪ್‌ಸೀಡ್, ಕಂಪ್ಯೂಟರಿಗೆ ಡಾರ್ಕ್‌ಟೇಬಲ್, ಗಿಂಪ್, ಎಲ್ಲ ಉಚಿತ.

ಬೆಳಕೂ ಕಂಪೋಸಿಷನ್ನೇ. ಕಣ್ಣು ಮೊದಲು ಹೋಗುವುದು ಚಿತ್ರದ ಹೆಚ್ಚು ಬೆಳಗಿನ ಜಾಗಕ್ಕೆ. ತಿಕೋಟಾ ಕಡೆಯ ಯಾವುದೇ ದ್ರಾಕ್ಷಿ ತೋಟದ ಚಿತ್ರ ನೋಡಿ. ಒಣದ್ರಾಕ್ಷಿ ಶೆಡ್ಡಿನ ತಗಡು ಮಿಂಚುತ್ತಿದ್ದರೆ ಎಲೆಯ ಮೇಲಿನ ಹುಳುವನ್ನು ಯಾರೂ ನೋಡುವುದಿಲ್ಲ. ಕತ್ತರಿಸಲು ಬಾರದ ಜಾಗದಲ್ಲಿ ತಗಡಿದ್ದರೆ ಅದರ ಹೊಳಪನ್ನಷ್ಟೇ ತುಸು ತಗ್ಗಿಸಿ. ತಗಡು ತಗಡಾಗಿಯೇ ಇರುತ್ತದೆ, ಕೂಗುವುದನ್ನು ನಿಲ್ಲಿಸುತ್ತದೆ.

ಈಗ ಕಂಬಕ್ಕೆ ಬರೋಣ. ಅದು ಹಕ್ಕಿಯ ಬೆನ್ನ ಹಿಂದೆಯೇ ಇರುವುದರಿಂದ ಯಾವ ಅಂಚಿನಿಂದ ಕತ್ತರಿಸಿದರೂ ಹೋಗುವುದಿಲ್ಲ. ಹೊಸ ಮೊಬೈಲುಗಳಲ್ಲಿ ಅಳಿಸುವ ಬಟನ್ ಇದೆ. ಬೆರಳಿನಿಂದ ಒಂದು ಸುತ್ತು ಹಾಕಿದರೆ ಕಂಬ ಮಾಯ, ಅಲ್ಲಿ ಇಲ್ಲದ ಆಕಾಶ ಪ್ರತ್ಯಕ್ಷ. ಕತ್ತರಿಸುವುದಾದರೆ ಸರಿ, ಅಳಿಸುವುದೇಕೆ ತಪ್ಪು? ಎರಡರಲ್ಲೂ ಏನೋ ಒಂದು ಹೋಗುತ್ತದಲ್ಲ?

ಹಳೆಯ ಜಗಳ ಇದು. ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್ 1944ರಲ್ಲಿ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರಿನಿಂದ ಸಿಯೆರಾ ನೆವಾಡಾ ಬೆಟ್ಟಸಾಲಿನ ಚಳಿಗಾಲದ ಸೂರ್ಯೋದಯ ತೆಗೆದರು. ಊರಿನ ಹೈಸ್ಕೂಲ್ ಹುಡುಗರು ಗುಡ್ಡದ ಮೇಲೆ ಸುಣ್ಣದಿಂದ ಊರ ಹೆಸರಿನ ಎರಡು ದೊಡ್ಡ ಅಕ್ಷರ ಬರೆದಿಟ್ಟಿದ್ದರು. ಆ್ಯಡಮ್ಸ್ ಅವನ್ನು ಚಿತ್ರದಿಂದ ತೆಗೆದುಹಾಕಿದರು, ತೆಗೆದುಹಾಕಿದ್ದನ್ನು ಮುಚ್ಚಿಡಲೂ ಇಲ್ಲ. ಕಲೆ ಎಂದು ಜಗತ್ತು ಒಪ್ಪಿಕೊಂಡಿತು.

2010ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಇದೇ ಮಾತು ಬೇರೆ ಥರ ಕೊನೆಗೊಂಡಿತು. ಸ್ಟೆಪಾನ್ ರೂಡಿಕ್ ಎಂಬ ಛಾಯಾಗ್ರಾಹಕ ಕೀವ್ ನಗರದ ಬೀದಿ ಕಾಳಗದ ಚಿತ್ರಕ್ಕೆ ಬಹುಮಾನ ಪಡೆದಿದ್ದ. ಅಗಲವಾದ ಮೂಲ ಚಿತ್ರದಿಂದ ಸಣ್ಣದೊಂದು ತುಂಡನ್ನು ಕತ್ತರಿಸಿ, ಕಪ್ಪು-ಬಿಳುಪು ಮಾಡಿದ್ದ. ಅದಕ್ಕೆ ಸಂಘಟಕರ ತಕರಾರು ಇರಲಿಲ್ಲ. ಹಿನ್ನೆಲೆಯಲ್ಲಿ ಯಾರದೋ ಕಾಲಿನ ತುದಿ ಕಾಣುತ್ತಿದ್ದುದನ್ನು ಅಳಿಸಿದ್ದ. ಅಷ್ಟಕ್ಕೇ ಬಹುಮಾನ ರದ್ದಾಯಿತು.

ಮುಕ್ಕಾಲು ಚಿತ್ರ ಕತ್ತರಿಸಿದ್ದಕ್ಕೆ ಕ್ಷಮೆ, ಕಾಲಿನ ತುದಿಗೆ ಶಿಕ್ಷೆ. ವಿಚಿತ್ರ ಅನಿಸಿದರೂ ಇದರಲ್ಲಿ ನ್ಯಾಯವಿದೆ. ಯಾವ ಫೋಟೊಗೂ ನಾಲ್ಕು ಅಂಚು ಇದ್ದೇ ಇರುತ್ತವೆ. ಅಂಚಿನಾಚೆ ಬೇರೆ ಏನೋ ಇದೆ ಎಂದು ನೋಡುವವನಿಗೂ ಗೊತ್ತು. ಅಂಚಿನೊಳಗೆ ಇರುವುದು ಮಾತ್ರ ಇದ್ದಂತೆಯೇ ಇದೆ ಎಂದು ಆತ ನಂಬಿರುತ್ತಾನೆ. ಅಳಿಸುವ ಬಟನ್ ಆ ನಂಬಿಕೆಗೆ ಕೈ ಹಾಕುತ್ತದೆ.

ವಿಜಯಪುರದವರಿಗೆ ಬೇಗ ಅರ್ಥವಾಗುವ ಉದಾಹರಣೆ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯದು. 1982ರ ಫೆಬ್ರುವರಿ ಸಂಚಿಕೆಯ ಮುಖಪುಟಕ್ಕೆ ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಅಡ್ಡ ಚಿತ್ರವನ್ನು ಉದ್ದ ಮಾಡಬೇಕಿತ್ತು. ಬರೀ ಕತ್ತರಿಸಿದರೆ ಎರಡು ಪಿರಮಿಡ್ಡು ಒಂದೇ ಪುಟದಲ್ಲಿ ಹಿಡಿಸುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಒಂದನ್ನು ಇನ್ನೊಂದರ ಹತ್ತಿರಕ್ಕೆ ಸರಿಸಿಬಿಟ್ಟರು. ಎಷ್ಟು ಟೀಕೆ ಬಂತೆಂದರೆ ಇಂದಿಗೂ ಪತ್ರಿಕೋದ್ಯಮ ತರಗತಿಗಳಲ್ಲಿ ಅದು ಪಾಠ. ನಮ್ಮ ಗೋಳಗುಮ್ಮಟವನ್ನು ಎತ್ತಿ ಭೂತನಾಳ ಕೆರೆಯ ದಂಡೆಗೆ ಇಟ್ಟರೆ ಹೇಗಿರುತ್ತದೆ? ಸ್ಟೇಟಸ್ಸಿಗೆ ಸೊಗಸಾಗಿಯೇ ಇರುತ್ತದೆ. ಊರಿನವನೊಬ್ಬ ನೋಡುವವರೆಗೆ.

ಮಮದಾಪುರದ ಕಂಬಕ್ಕೆ ಇನ್ನೂ ಒಂದು ಕಾರಣವಿದೆ, ನನಗೆ ಅದೇ ದೊಡ್ಡದು. ಬರ ಎಂದರೆ ನಮ್ಮ ಜಿಲ್ಲೆ ಎಂಬಂತಿದ್ದ ನಾಡು ಇದು. ಈಗ ಎಷ್ಟೋ ಕೆರೆಗಳಿಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರುತ್ತದೆ. ನೀರನ್ನು ಮೇಲೆತ್ತುವುದು ವಿದ್ಯುತ್ ಪಂಪು. ನೀರು ನಿಂತದ್ದಕ್ಕೆ ಮೀನು ಬಂತು, ಮೀನಿಗೆ ಬೆಳ್ಳಕ್ಕಿ ಬಂತು. ಹಕ್ಕಿಯ ಬೆನ್ನ ಹಿಂದಿನ ಕಂಬ ಆ ಪಂಪಿನದೇ ಎಂದು ನಾನು ಹೇಳುತ್ತಿಲ್ಲ. ಆದರೆ ಕಂಬ, ತಂತಿ, ಕಾಲುವೆಗಳನ್ನೆಲ್ಲ ಅಳಿಸುತ್ತ ಹೋದರೆ ನಮ್ಮ ಕಡೆಯ ನಿಸರ್ಗದ ಚಿತ್ರ ಯಾವುದೋ ಅಭಯಾರಣ್ಯದ ನಕಲಾಗುತ್ತದೆ. ಇಲ್ಲಿಯ ಹಕ್ಕಿ ಮನುಷ್ಯನ ಮಗ್ಗುಲಲ್ಲೇ ಬದುಕುತ್ತದೆ. ನಮ್ಮ ರಾಜ್ಯಪಕ್ಷಿ ನೀಲಕಂಠವನ್ನೇ ತಗೊಳ್ಳಿ. ಜೋಳದ ಹೊಲದಲ್ಲಿ ತಂತಿಯ ಮೇಲೆ ಕೂತು ಹುಳುವಿಗೆ ಹೊಂಚು ಹಾಕುವುದು ಅದರ ದಿನಚರಿ. ತಂತಿ ಅಳಿಸಿದ ನೀಲಕಂಠದ ಫೋಟೊ ಒಂದನ್ನು ನೋಡಿದ್ದೇನೆ. ರೆಕ್ಕೆ ಮಡಚಿಕೊಂಡು ಗಾಳಿಯಲ್ಲಿ ಕೂತಿತ್ತು ಪಾಪ.

ಸ್ಪರ್ಧೆಗೆ ಕಳಿಸುವವರಿಗೆ ಇದು ಬರೀ ಆದರ್ಶದ ಮಾತಲ್ಲ. ಅಮೆರಿಕದ ಪಿಎಸ್‌ಎ, ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಪಿ ಮತ್ತು ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ನಿಸರ್ಗ ಛಾಯಾಗ್ರಹಣಕ್ಕೆ ಒಂದೇ ವ್ಯಾಖ್ಯೆ ಒಪ್ಪಿಕೊಂಡಿವೆ. ಬೆಂಗಳೂರಿನಲ್ಲಿ 1971ರಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥವರು ನಡೆಸುವ ಸ್ಪರ್ಧೆಗಳಲ್ಲೂ ಇದೇ ಬಗೆಯ ನಿಯಮ ಎದುರಾಗುತ್ತದೆ. ಕ್ರಾಪ್ ಮಾಡಬಹುದು, ಬೆಳಕು ತಿದ್ದಬಹುದು, ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ತೆಗೆಯಬಹುದು, ಪೂರ್ತಿ ಕಪ್ಪು-ಬಿಳುಪು ಮಾಡಬಹುದು. ದೃಶ್ಯದಲ್ಲಿದ್ದ ವಸ್ತುವನ್ನು ಸೇರಿಸುವುದು, ಸರಿಸುವುದು, ಅಳಿಸುವುದು ಕೂಡದು. ತೆಗೆಯುವುದಿದ್ದರೆ ಕ್ರಾಪ್ ಒಂದೇ ದಾರಿ. ಮನುಷ್ಯ ನಿರ್ಮಿತ ವಸ್ತು ಇರಬಾರದು ಎಂದೂ ಇದೆ, ಆದರೆ ಅದು ಪ್ರಾಣಿಯ ಕತೆಯ ಭಾಗವೇ ಆಗಿದ್ದರೆ ವಿನಾಯಿತಿ. ಹಳೆಯ ಕಟ್ಟಡದ ಸಂದಿನಲ್ಲಿ ಗೂಡು ಮಾಡಿದ ಗೂಬೆಯ ಚಿತ್ರದಲ್ಲಿ ಕಟ್ಟಡ ನಡೆಯುತ್ತದೆ. ತಂತಿಯ ಮೇಲಿನ ನೀಲಕಂಠ ಎಲ್ಲ ತೀರ್ಪುಗಾರರಿಗೂ ನಡೆಯುತ್ತದೆಯೇ? ಹೇಳಲಾಗದು. ಅಳಿಸಿ ನಿಸರ್ಗ ವಿಭಾಗಕ್ಕೆ ಕಳಿಸುವುದಕ್ಕಿಂತ ತಂತಿಯೊಂದಿಗೇ ಬೇರೆ ವಿಭಾಗಕ್ಕೆ ಕಳಿಸುವುದು ಮೇಲು. ಲಂಡನ್ನಿನ ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಂತೂ ಕೊನೆಯ ಸುತ್ತಿಗೆ ಬಂದವರಿಂದ ರಾ ಫೈಲ್ ಕೇಳುತ್ತಾರೆ. ಆದ್ದರಿಂದ ಮೂಲ ಫೈಲ್ ಮೇಲೆ ಎಂದೂ ಸೇವ್ ಮಾಡಬೇಡಿ, ಎಡಿಟ್ ಮಾಡಿದ್ದನ್ನು ಪ್ರತ್ಯೇಕ ಪ್ರತಿಯಾಗಿಡಿ. ಸ್ಟುಡಿಯೊ ಕೆಲಸಕ್ಕೋ ಪತ್ರಿಕೆಯ ಫೋಟೊ ವಿಭಾಗಕ್ಕೋ ಅರ್ಜಿ ಹಾಕುವವರು ಮೂಲ ಮತ್ತು ಎಡಿಟ್ ಮಾಡಿದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ನೀವು ಎಲ್ಲಿ ಕತ್ತರಿಸಿದಿರಿ ಎಂಬುದರಲ್ಲೇ ನಿಮ್ಮ ಕಣ್ಣು ಗೊತ್ತಾಗುತ್ತದೆ.

ಹಾಗಾದರೆ ಬಾಟಲಿ? ಅದನ್ನು ಕತ್ತರಿಸಿದ್ದು ನಿಯಮದ ಪ್ರಕಾರ ಸರಿ, ನನಗೂ ಅಳುಕಿಲ್ಲ. ನಮ್ಮ ಚಿತ್ರ ಬೆಳ್ಳಕ್ಕಿಯದು, ಕಸದ್ದಲ್ಲ. ಅದೇ ಚಿತ್ರಕ್ಕೆ ‘ಸ್ವಚ್ಛ ಸುಂದರ ಮಮದಾಪುರ ಕೆರೆ’ ಎಂದು ಶೀರ್ಷಿಕೆ ಕೊಟ್ಟಿದ್ದರೆ ಮಾತ್ರ ಕ್ರಾಪ್ ಸುಳ್ಳಾಗುತ್ತಿತ್ತು. ಬಾಟಲಿ ಇರುವ ಪೂರ್ತಿ ಚಿತ್ರವೂ ಅವನ ಬಳಿ ಇದೆ. ಕೆರೆಯ ಕಸದ ಬಗ್ಗೆ ಯಾರಾದರೂ ಬರೆಯುವುದಾದರೆ ಅದು ಬೇಕಾಗುತ್ತದೆ. ಆಗ ಅಂಚು ಬೇರೆ ಕಡೆ ಬೀಳುತ್ತದೆ, ಬಹುಶಃ ಹಕ್ಕಿ ಹೊರಗೆ ಹೋಗುತ್ತದೆ.

ಕಂಬಕ್ಕೆ ಮಾಡಿದ್ದು ಇಷ್ಟೇ. ಆಚೆ ದಂಡೆಯ ಕಾಂಟ್ರಾಸ್ಟ್ ತುಸು ಇಳಿಸಿ, ಹಕ್ಕಿಯ ಮುಖದ ಹತ್ತಿರ ತುಸು ಬೆಳಕು ಎತ್ತಿದೆವು. ಕಂಬ ಹಿಂದಕ್ಕೆ ಸರಿದಂತೆ ಕಂಡಿತು. ಸ್ಥಳದಲ್ಲೇ ಎರಡು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದು ತೆಗೆದರೆ ಅದು ಬೆನ್ನಿನಿಂದ ಬಿಡಿಸಿಕೊಳ್ಳುತ್ತಿತ್ತು. ಮನೆಯಲ್ಲಿ ಕೂತು ಕತ್ತರಿಸುವ ಚಟ ಹತ್ತಿದವರು ಕೆರೆಯ ದಂಡೆಯ ಮೇಲೆ ಹೆಚ್ಚು ಓಡಾಡತೊಡಗುವುದು ಇದಕ್ಕೇ.

ಪ್ರಿಂಟಿಗೆ ಹೋದಾಗ ಸ್ಟುಡಿಯೊದ ಹುಡುಗ ಪರದೆ ನೋಡಿ, ‘ಕಂಬ ತಗೀಲೇನು? ಎರಡು ನಿಮಿಷದ ಕೆಲಸ, ರೊಕ್ಕ ಬ್ಯಾಡ’ ಅಂದ. ಬೇಡ ಅಂದೆವು. ಉದ್ದನೆಯ ಚಿತ್ರಕ್ಕೆ ಒಪ್ಪುವ ಅಳತೆಯ ಕಾಗದ ಇರಲಿಲ್ಲ. 12 × 18ರ ಹಾಳೆಯಲ್ಲಿ ಸುತ್ತ ಬಿಳಿ ಅಂಚು ಬಿಟ್ಟು ಹಾಕಿಕೊಟ್ಟ.